ಅರ್ಧ ಟ್ಯಾಂಕು

ಮೂರನೇ ಸಲ ಎಳೆದುಕೊಂಡು ಬಂದರು ಅದನ್ನು
ಆಟೋ ಕಾಂಪ್ಲೆಕ್ಸಿನ ನನ್ನ ಶೆಡ್ಡಿಗೆ, ಹಗ್ಗ ಕಟ್ಟಿ.
ಹಿಂದೆ ಅರವತ್ತು ಚಿರೆಕಲ್ಲು ಹಾಗೇ ಇದ್ದವು.
ಕೆರಿಯಪ್ಪ ತುಂಬ ಹೊತ್ತು ಸೀಟಿನಿಂದ ಇಳಿಯಲಿಲ್ಲ.
'ಸೂಡೂರು ಗೇಟಿನ ಏರು, ಪಾಸ್ಕಲಣ್ಣ,
ಮೂರನೇ ಗೇರಿಗೆ ಹಾಕಿದ್ದೇ ತಡ
ಗಂಟಲು ಹಿಡಿದ ಹಾಗಾಯ್ತು ಅದಕ್ಕೆ.'

ಸ್ಕ್ಯಾನರ್ ಚುಚ್ಚಿದೆ.
ಬೇಕಾದದ್ದು ಸಾವಿರದ ಇನ್ನೂರು ಬಾರ್,
ಇದ್ದದ್ದು ನಾನೂರು.
ಹಸಿವು ಎಷ್ಟು ಅಂತ ಹೇಳುತ್ತದೆ ಅದು,
ಅನ್ನ ಎಲ್ಲಿ ಹೋಯಿತು ಅಂತ ಹೇಳುವುದಿಲ್ಲ.

ಫಿಲ್ಟರ್ ಬಿಚ್ಚಿದರೆ ತಳದಲ್ಲಿ ಒಂದು ಚಮಚ ನೀರು.
ಅಷ್ಟಕ್ಕೆ ಯಾರೂ ಸಾಯುವುದಿಲ್ಲ. ಆದರೂ ಹೊಸದು ಹಾಕಿದೆ.
ಇಂಜೆಕ್ಟರುಗಳ ರಿಟರ್ನಿಗೆ ನಾಲ್ಕು ಬಾಟಲಿ ಕಟ್ಟಿ
ಅಫ್ರೋಜ್ ಮೊಣಕಾಲೂರಿ ನೋಡಿದ,
ಡೇರಿಯಲ್ಲಿ ಹಾಲು ಅಳೆಯುವವನ ಹಾಗೆ.
ನಾಲ್ಕೂ ಒಂದೇ ಮಟ್ಟ.
ಪಂಪು ಹೋಗಿದೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು.
ಪಂಪೆಂದರೆ ನಲವತ್ತು ಸಾವಿರ.
ನುಂಗಿಕೊಂಡೆ.

ಹೊರಗೆ ಸೋರಿದರೆ ಸುಲಭ, ಮಾರಾಯ.
ನೆಲಕ್ಕೆ ಹನಿ ಬೀಳುತ್ತದೆ, ಹನಿಗೆ ಧೂಳು ಕೂರುತ್ತದೆ,
ಬೆರಳಿಟ್ಟು 'ಇಲ್ಲಿ' ಅನ್ನಬಹುದು.
ಒಳಕ್ಕೆ ಸೋರುವುದೇ ಬೇರೆ.
ಪೈಪು ಸುಮ್ಮನೆ ಗಾಳಿ ಕುಡಿಯುತ್ತದೆ,
ಕಲೆಯಿಲ್ಲ, ವಾಸನೆಯಿಲ್ಲ,
ಒರೆಸಿದ ಬಟ್ಟೆ ಒಣಗಿದ್ದು ಒಣಗಿದಂತೆಯೇ ಕೈಗೆ ಬರುತ್ತದೆ.

ಟ್ರಯಲ್ಲಿಗೆಂದು ನಾನೇ ಮೂವತ್ತು ಲೀಟರ್ ಹಾಕಿಸಿ
ಚೋರಡಿ ದಾಟಿ ಓಡಿಸಿದೆ, ಕಲ್ಲಿನ ಸಮೇತ.
ಫೆಬ್ರವರಿಯ ಬಿಸಿಲಿಗೆ ಟಾರು ಮೆತ್ತಗಾಗಿತ್ತು.
ಗಾಡಿ ಬೀಗರ ಊಟಕ್ಕೆ ಹೊರಟವರ ಹಾಗೆ ಏರು ಹತ್ತಿತು,
ಡಾಕ್ಟರ ಬಾಗಿಲಲ್ಲಿ ಜ್ವರ ಬಿಟ್ಟ ಮಗುವಿನಂತೆ
ನನ್ನನ್ನೇ ಸುಳ್ಳುಗಾರನನ್ನಾಗಿ ಮಾಡಿ.

ಸಂಜೆ ದೇವೇಂದ್ರ ಶೇಟ್ ಫೋನು:
'ಗಾಡಿಗೇನೂ ಆಗಿಲ್ಲ. ಡೀಸೆಲ್ ಕದೀತಾನೆ ಅವನು.
ಬೀಗ ಇರೋ ಮುಚ್ಚಳ ಹಾಕು ಟ್ಯಾಂಕಿಗೆ.'
ಸ್ಪೀಕರಿನಲ್ಲಿತ್ತು. ಕೆರಿಯಪ್ಪ ಕೇಳಿಸಿಕೊಂಡ.
ಏನೂ ಅನ್ನಲಿಲ್ಲ.
ಡ್ಯಾಶ್‌ಬೋರ್ಡಿನಿಂದ ಒಂದು ಪುಸ್ತಕ ತಂದ,
ಮಗಳ ಕಾಪಿ ಪುಸ್ತಕ, ರಟ್ಟಿನ ಮೇಲೆ ನವಿಲು.
'ಎರಡು ವರ್ಷದ್ದು ಇದೆ. ಒಂದು ಲೀಟರ್ ಹೆಚ್ಚುಕಮ್ಮಿ ಇದ್ದರೆ ಹೇಳಿ.'

ತಾರೀಕು, ಕಿಲೋಮೀಟರು, ರೂಪಾಯಿ.
ನಿಂತಲ್ಲಿ ಒಂದು ಸಣ್ಣ ಅಡ್ಡಗೆರೆ.
ಬಲ್ಬಿನ ಕೆಳಗೆ ಹಿಡಿದು ಓದುತ್ತಾ ಹೋದೆ:
ಐನೂರಕ್ಕೆ ಹಾಕಿದ್ದು, ಅಡ್ಡಗೆರೆ.
ಐನೂರಕ್ಕೆ, ಅಡ್ಡಗೆರೆ.
ಎರಡು ಸಾವಿರಕ್ಕೆ ಹಾಕಿದ ದಿನ, ಗೆರೆಯಿಲ್ಲ.
ಮಾರನೇ ದಿನವೂ ಇಲ್ಲ.
ಮೂರನೇ ದಿನ, ಅರ್ಧಕ್ಕಿಂತ ಕೆಳಗಿಳಿದ ಮೇಲೆ,
ಅಡ್ಡಗೆರೆ.

ಎದೆ ಧಸಕ್ಕೆಂದಿತು. ಓದು ಬರುತ್ತಿದ್ದೂ
ಇಷ್ಟು ದಿನ ಕೇಳಲೇ ಇಲ್ಲವಲ್ಲ ನಾನು,
ಹೊಟ್ಟೆಯಲ್ಲಿ ಎಷ್ಟಿದ್ದಾಗ ನೋವು ಬರುತ್ತದೆ ಅಂತ.

ರಾತ್ರಿಯೇ ಟ್ಯಾಂಕು ಇಳಿಸಿದೆವು.
ಹೀರುವ ಕೊಳವೆಯನ್ನು ಎತ್ತಿ ಒರೆಸಿ
ಒಂದು ತುದಿ ಹೆಬ್ಬೆರಳಲ್ಲಿ ಮುಚ್ಚಿ ಇನ್ನೊಂದರಿಂದ ಊದಿದೆ.
ಬಾಯ್ತುಂಬ ಡೀಸೆಲ್ ಕಹಿ.
ನಡುಮಧ್ಯೆ, ಬೆಸುಗೆಯ ಪಕ್ಕ,
ಅಂಗೈಗೆ ತಣ್ಣಗೆ ತಾಗಿತು.
ಕೂದಲೆಳೆಯಷ್ಟು ಬಿರುಕು.
ಡೀಸೆಲಿನಲ್ಲಿ ಮುಳುಗಿದ್ದಷ್ಟು ದಿನ ಸಂಭಾವಿತ,
ತಲೆ ಹೊರಗೆ ಬಂದರೆ ಗಾಳಿ ಹೀರುವ ಕಳ್ಳ.

ಶೇಟರಿಗೆ ಫೋನ್ ಮಾಡಿದೆ.
'ಸಿಕ್ಕಿದ,' ಅಂದೆ.
'ನಾನು ಹೇಳಲಿಲ್ವಾ!'
'ನೂರೈವತ್ತು ರೂಪಾಯಿ ಬೆಸುಗೆ,' ಅಂದೆ.
ಆಮೇಲೆ ಆ ಕಡೆಯಿಂದ ಮಾತಿರಲಿಲ್ಲ,
ಟಿವಿಯ ಸದ್ದು ಮಾತ್ರ ಕೇಳುತ್ತಿತ್ತು.

ಬೆಳಗ್ಗೆ ಕೈಪಂಪು ಒತ್ತುತ್ತಾ ಒತ್ತುತ್ತಾ
ಬೆರಳ ಕೆಳಗೆ ಅದು ಗಟ್ಟಿಯಾಯಿತು.
ಅಫ್ರೋಜ್ ಕೀ ತಿರುಗಿಸಿದ.
ಹತ್ತು ಲೀಟರಿನಲ್ಲೇ ಹೊರಟಿತು ಗಾಡಿ, ಅರವತ್ತು ಕಲ್ಲು ಹೊತ್ತು.

ಹೊರಡುವ ಮೊದಲು ಕೆರಿಯಪ್ಪ ಪೆನ್ನು ತೆಗೆದ.
ಫಿಲ್ಟರ್, ಬೆಸುಗೆ, ಮೂವತ್ತು ಲೀಟರ್, ಎಲ್ಲ ಬರೆದ.
'ನಿನ್ನೆ ರಾತ್ರಿಯ ಚಾ ನಾಲ್ಕು,
ಅದನ್ನೂ ಬರೀಲಾ?'
ಬೇಡ ಅಂದೆ.
ಬರೆದ.