ಮೂರು ಗಂಟೆಯ ಮೇಲೆ

ಬ್ರೋಕನ್ ಹಿಲ್, ಆಕ್ಸೈಡ್ ಬೀದಿ, ಪ್ಯಾಸ್ಕೋ ಔಷಧದಂಗಡಿ.
ಬೆಳಿಗ್ಗೆಯೆಲ್ಲ ಸರಿಯಿರುವ ಕಂಪ್ಯೂಟರ್
ಮೂರು ಗಂಟೆಯ ಮೇಲೆ ನೀಲಿಯಾಗುತ್ತದೆ.
ಯಾರದೋ ರಕ್ತದೊತ್ತಡದ ಮಾತ್ರೆ
ಅರ್ಧ ಅಚ್ಚಾದ ಚೀಟಿಯಲ್ಲೇ ನಿಂತುಬಿಡುತ್ತದೆ.

ಮೂರರ ಮೇಲೆ ಕೂರುವವಳು ಟೆಗನ್,
ಉಗುರಿಗೆ ಹಸಿರು ಬಣ್ಣ.
"ಅವಳೇ ಏನೋ ಒತ್ತುತ್ತಾಳೆ" ಎಂದರು ಲಿಂಡ್ಸೆ ಪ್ಯಾಸ್ಕೋ.
ನಾನು ಹೋದದ್ದು ಬೆಳಿಗ್ಗೆ ಹತ್ತಕ್ಕೆ.
ಹೊಸ ಡ್ರೈವರ್ ಹಾಕಿದೆ, ವೈರಸ್ ಹುಡುಕಿದೆ, ಧೂಳು ಊದಿದೆ
(ಈ ಊರಿನ ಧೂಳು ಕೆಂಪು, ಊದಿದಷ್ಟೂ ಬರುತ್ತದೆ).
ಎಲ್ಲ ನೆಟ್ಟಗಿತ್ತು. ಚೀಟಿಯಲ್ಲಿ ಬರೆದೆ:
ಯಂತ್ರದಲ್ಲಿ ದೋಷವಿಲ್ಲ, ಬಳಸುವವರ ತಪ್ಪು.
ಕೆಳಗೆ ಸಹಿ. ನೂರಾಹತ್ತು ಡಾಲರ್.

ಫೆಬ್ರುವರಿಯಲ್ಲಿ ಮತ್ತೆ ಕರೆ.
ಹೊಸ ಹುಡುಗ ಕೂತರೂ ಹಾಗೆಯೇ ಅಂತೆ.
ಟೆಗನ್?
"ಬಿಟ್ಟು ಹೋದಳು" ಎಂದು ಪ್ಯಾಸ್ಕೋ
ಕೆಮ್ಮಿನ ಸಿರಪ್ಪಿನ ಸಾಲು ಸರಿಮಾಡಿದರು.

ಈ ಸಲ ಅಲ್ಲೇ ಉಳಿದೆ, ಪರೀಕ್ಷೆ ಶುರುಮಾಡಿ.
ಅಳಗುಳಿ ಮಣೆಗೆ ಹುಣಸೆಬೀಜ ಹಾಕಿದ ಹಾಗೆ ಅದು:
ಪ್ರತಿ ಗುಳಿಯಲ್ಲೂ ಒಂದು ಇಡು, ಮತ್ತೆ ಹೋಗಿ ಕೇಳು,
ಸೊನ್ನೆ ಇಡು, ಕೇಳು.
ಒಂದು ಸುತ್ತು. ಎರಡು ಸುತ್ತು. ತಪ್ಪಿಲ್ಲ.
ಎರಡೂಮುಕ್ಕಾಲಿಗೆ ಬಿಸಿಲು ಪಡುವಣದ ಗಾಜಿಗೆ ಬಂತು,
ಸನ್‌ಸ್ಕ್ರೀನ್ ಬಾಟಲಿ ದಾಟಿ, ಮೇಜಿನ ಕಾಲು ದಾಟಿ
ಪೆಟ್ಟಿಗೆಯ ಬೆನ್ನ ಮೇಲೆ ಕೂತಿತು.
ಮೂರೂ ಹತ್ತು. ಪರದೆಯಲ್ಲೊಂದು ಕೆಂಪು ಸಾಲು.
ಎಷ್ಟೋ ಕೋಟಿ ಗುಳಿಗಳಲ್ಲಿ ಒಂದೇ ಒಂದು
ಒಂದು ಕೊಟ್ಟರೆ ಸೊನ್ನೆ ಅನ್ನುತ್ತಿದೆ,
ಅದೂ ಮೈ ಕಾದಾಗ ಮಾತ್ರ.

ರ‍್ಯಾಮಿನ ನಾಲ್ಕು ಪಟ್ಟಿ, ಒಂದೊಂದೇ ಕಿತ್ತೆ, ಜಾಗ ಬದಲಿಸಿದೆ.
ತಪ್ಪು ಪಟ್ಟಿಯ ಜೊತೆಗೇ ಓಡಾಡಿತು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಬರೆಯ ಕಬ್ಬಿಣ ಕಾಯಿಸಿ ಕೊಟ್ಟವನು ನಾನು,
ಬೆಳಿಗ್ಗೆ ಹತ್ತರ ತಂಪಿನಲ್ಲಿ.

ಹೊಸ ಚೀಟಿಯಲ್ಲಿ ಬರೆದೆ:
ದೋಷ, ರ‍್ಯಾಮ್, ಮೂರನೆಯ ಪಟ್ಟಿ. ಮೊದಲಿನಿಂದಲೂ.
ಪ್ಯಾಸ್ಕೋ ಕೊನೆಯ ಪದಕ್ಕೆ ಬಂದು
ನಾಲ್ಕಾಗಿ ಮಡಚಿದರು.
"ಮಿಲ್ಡ್ಯೂರಾದಲ್ಲಿದ್ದಾಳಂತೆ, ದ್ರಾಕ್ಷಿ ಕೊಯ್ಲಿಗೆ" ಎಂದರು, ನಾನು ಕೇಳದೆ.

ಮರುದಿನ ಮೂರು ಗಂಟೆಗೆ ಹೋಗಿ ನಿಂತೆ.
ಬಿಸಿಲು ಬಂತು, ಕೂತಿತು, ಎದ್ದುಹೋಯಿತು.
ಚೀಟಿಗಳು ಪೂರ್ತಿ ಅಚ್ಚಾಗಿ ಒಂದರ ಮೇಲೊಂದು ಬಿದ್ದವು.
ಎಂಟರ್ ಗುಂಡಿಯ ಅಂಚಿನಲ್ಲಿ
ಯಾರೂ ಒರೆಸದ
ಒಂದು ಚೂರು ಹಸಿರು.