ಬಾಕಿ: ಒಂದು ಏಣಿ

ಕಡತದ ಬೆನ್ನ ಮೇಲೆ ಉದ್ದ ಹೆಸರು:
ಗಡಿ ದಾಟುವ ಮಾಲಿನ್ಯ, ಅಂತರರಾಷ್ಟ್ರೀಯ ಸಹಕಾರ,
ಎರಡನೇ ಕಂತು.
ದಾರ ಕಟ್ಟಿದರೆ 'ಸಹಕಾರ' ಗಂಟಿನಡಿ ಮುಚ್ಚಿಹೋಗುತ್ತಿತ್ತು.
ಪ್ರತಿ ಸಲ ಗಂಟು ಸರಿಸಿ ಕಟ್ಟುತ್ತಿದ್ದೆ,
ಮಾಡಲು ಬೇರೆ ಕೆಲಸ ಇಲ್ಲದವಳ ಹಾಗೆ.

ಆರು ದೇಶಗಳ ಸಹಿ ಬಿದ್ದು, ದಿಲ್ಲಿಗೆ ಬಂದು,
ಬೆಂಗಳೂರಿನ ಯಾವುದೋ ಮೇಜಿನ ಮೇಲೆ ಒಂದು ಚಳಿಗಾಲ ಕೂತು
ಗದಗಿಗೆ ಇಳಿಯುವಷ್ಟರಲ್ಲಿ ಆ ಹಣ
ಬೆಟಗೇರಿ ಸಾಲಿಯ ಮಾಳಿಗೆ ಮೇಲೆ
ಮೊಣಕಾಲೆತ್ತರದ ಒಂದು ಡಬ್ಬಿಯಾಗಿತ್ತು.
ಉಸಿರು ಎಳೆದುಕೊಳ್ಳುವ ಡಬ್ಬಿ. ಬಿಡುವುದು ಕಾಣುವುದಿಲ್ಲ.
ಒಳಗೆ ಬಿಳಿ ಕಾಗದದ ಬಿಲ್ಲೆ, ದಿನಕ್ಕೊಂದು.
ಬದಲಿಸುವವನು ರಾಜೇಸಾಬ ನದಾಫ, ಹೊರಗುತ್ತಿಗೆ.
ಮಾಳಿಗೆಗೆ ಮೆಟ್ಟಿಲಿಲ್ಲ.

ಅದಕ್ಕೆ ಏಣಿ ಕೊಂಡ. ಸಾವಿರದ ಎಂಟುನೂರು, ಸ್ವಂತದ್ದು.
ರಸೀದಿ ತಂದ. ನಾನೇ ಬರೆದೆ ಕೆಂಪು ಶಾಯಿಯಲ್ಲಿ:
'ಒಪ್ಪಂದದಲ್ಲಿ ಏಣಿಯ ಪ್ರಸ್ತಾಪವಿಲ್ಲ.'

"ಅಕ್ಕಾರ, ಹಾರಿ ಹೋಗಂತೀರೇನ ಮತ್ತ?"
ನಕ್ಕ. ಅಂಗಿಯ ಕಿಸೆಯಿಂದ ಒಂದು ಬಿಲ್ಲೆ ತೆಗೆದ,
ಅಂಚು ಹರಿದು ತಿರಸ್ಕೃತವಾದದ್ದು.
"ನೋಡ್ರಿ, ಮೊನ್ನಿ ರವಿವಾರದ್ದು.
ಈ ಬೂದಿ ಬಣ್ಣ ನಮ್ಮ ಕಸದ ಗುಡ್ಡದ ಹೊಗಿ.
ಅದರ ಮ್ಯಾಲ ತೆಳ್ಳಗ ಹಳದಿ ಐತೆಲ್ಲ,
ಎರಿಯಲ್ಲ, ಮಸಾರಿಯಲ್ಲ, ನಮ್ಮ ಮಣ್ಣ ಅಲ್ಲ ಅದು.
ಸಮುದ್ರದಾಚಿ ಉಸುಕಂತ.
ಪಾಸ್‌ಪೋರ್ಟ್ ಇಲ್ಲದ ಬಂದಾನ, ಬಾಡ್ಯಾ."

ಆಮೇಲೆ, ಕೇಳದಿದ್ದರೂ ಹೇಳಿದ:
"ನಮ್ಮಪ್ಪ ಅರಳಿ ಹಿಂಜತಿದ್ದ್ರಿ.
ಬಿಳೀದು ಎದಿಯೊಳಗ ಹೆಂಗ ಕೂಡತೈತಿ ಅಂತ
ನಾ ಮನ್ಯಾಗ ಕಲತೇನಿ."
ಬಿಲ್ಲೆ ನನ್ನ ಮೇಜಿನ ಮೇಲೇ ಉಳಿಯಿತು.
ಮುಟ್ಟಬಾರದಿತ್ತು, ಮುಟ್ಟಿದೆ.

ಫೆಬ್ರುವರಿಯಲ್ಲಿ ಆರೂ ದೇಶದ ಖರ್ಚಿನ ಪಟ್ಟಿ ಬಂತು,
ಹೋಲಿಸಿ ನೋಡಲು, ಎಲ್ಲರದೂ ಎಲ್ಲರಿಗೆ.
ನಾಲ್ಕನೆಯದು ಒಂದು ದ್ವೀಪ. ಅದರ ಹೆಸರನ್ನು
ನನ್ನ ನಾಲಿಗೆ ಎರಡು ಸಲ ಎಡವಿ ಬಿಟ್ಟಿತು.
ನಮ್ಮ ಹೊಗೆ ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಹೋಗುತ್ತದಂತೆ,
ಅಡಿಟಿಪ್ಪಣಿಯಲ್ಲಿ ಇತ್ತು, ದೂರಿನ ದನಿ ಇರಲಿಲ್ಲ.
ಕ್ರಮಸಂಖ್ಯೆ ಹದಿನಾಲ್ಕು:
ಏಣಿ, ಕಟ್ಟಿಗೆಯದು, ಒಂದು.
ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದರು.
ಅದನ್ನು ಇನ್ಯಾರೋ ಅಳಿಸಿದ್ದರು, ಪೂರ್ತಿ ಅಳಿಸಿರಲಿಲ್ಲ.

ಆ ಸಂಜೆ ಎಲ್ಲರೂ ಮಿರ್ಚಿ ತಿನ್ನಲು ಹೋದರು.
ನಾನು ಕೂತು ಆ ಅಳಿಸಿದವಳನ್ನು ನೆನೆಯುತ್ತಿದ್ದೆ
(ಹೆಂಗಸೇ ಅಂತ ಯಾಕೆ ಅನಿಸಿತೋ).
ಅವಳ ಊರಿನ ಮಾಳಿಗೆಗೂ ಮೆಟ್ಟಿಲಿಲ್ಲ.
ಅವಳ ರಾಜೇಸಾಬನೂ ರಸೀದಿ ಹಿಡಿದು ನಿಂತಿದ್ದ.
ನಮ್ಮ ಕಸದ ಹೊಗೆ ಅವಳ ಕಣ್ಣಿಗೆ ಹೋಗಿ
ಅವಳು ಒಮ್ಮೆ ಕಣ್ಣುಜ್ಜಿಕೊಂಡಿದ್ದರೆ,
ನಮ್ಮಿಬ್ಬರ ಪರಿಚಯ ಅಷ್ಟೇ.

ಕೆಂಪು ಶಾಯಿಯ ಕೆಳಗೆ ನೀಲಿಯಲ್ಲಿ ಬರೆದೆ:
'ಪೂರ್ವನಿದರ್ಶನವಿದೆ. ದೇಶ ನಾಲ್ಕು, ಕ್ರಮಸಂಖ್ಯೆ ಹದಿನಾಲ್ಕು.
ಮಂಜೂರಾತಿಗೆ ಸಲ್ಲಿಸಿದೆ.'

ಮಾರ್ಚ್ ಮೂವತ್ತೊಂದಕ್ಕೆ, ಕಚೇರಿ ಬಾಗಿಲು ಹಾಕುವ ಹೊತ್ತಿಗೆ
ಮೇಲಿನಿಂದ ಒಂದೇ ಸಾಲು:
'ಗಡಿಯಾಚೆಯ ನಿದರ್ಶನಗಳು ಇಲ್ಲಿಗೆ ಅನ್ವಯಿಸುವುದಿಲ್ಲ.'

ಮೂರನೇ ಕಂತು ಬರಲಿಲ್ಲ. ಡಬ್ಬಿಗೆ ಗೋಣಿ ಹೊದಿಸಿದ್ದಾರೆ.
ಏಣಿ ಸಾಲಿಯ ಗೋಡೆಗೆ ಹಾಗೇ ಆತುಕೊಂಡಿದೆ,
ಮಾಳಿಗೆ ಸೇರಿದ ಚೆಂಡು ತರಲು ಹುಡುಗರು ಹತ್ತುತ್ತಾರೆ.
ಒಂದು ದಿನ ನಾನೂ ಹತ್ತಿದೆ, ಸೆರಗು ಸಿಗಿಸಿಕೊಂಡು.
ಕಪ್ಪತಗುಡ್ಡದ ಕಡೆಯಿಂದ ಗಾಳಿ.
ಕೆಳಗೆ ಮಗ್ಗ, ಕೆಮ್ಮು, ಮತ್ತೆ ಮಗ್ಗ.

ಆ ಬಿಲ್ಲೆ ಈಗಲೂ ನನ್ನ ಡ್ರಾಯರಿನಲ್ಲಿದೆ.
ಬೂದಿ, ಅದರ ಮೇಲೆ ಹಳದಿ,
ಎರಡನ್ನೂ ಒರೆಸಿಕೊಂಡು ಒಂದು ಹೆಬ್ಬೆರಳು.
ಅದು ಮಾತ್ರ ಸ್ಥಳೀಯ.