ಬೆಕ್ಕಿನ ಬಾಬ್ತು

ಹಳೆ ಕರೆಂಟು ಬಿಲ್ಲಿನ ಬೆನ್ನಿಗೆ
‘ಬೇಕು’ ಎಂದು ಬರೆದು ಗೀಟೆಳೆಯುತ್ತೇನೆ.
ಕುಚ್ಚಲಕ್ಕಿ ಇಪ್ಪತ್ತು ಕಿಲೋ, ತೊಗರಿ ಎರಡು,
ಬೇಡ, ಒಂದೂವರೆ.
ಸಾಣಿಕಟ್ಟಾ ಉಪ್ಪು ಹೋದ ತಿಂಗಳದ್ದೇ ಇದೆ.
ಬೋಟು ದಡ ಹತ್ತುವ ಮೊದಲೇ ಒಣಬಂಗಡೆ ತಂದಿಟ್ಟು
ಮೇ ತಿಂಗಳಿಗೆ ಇನ್ನೂ ಉಬ್ಬಸ.

ಕಡೆಯ ಸಾಲು ಪ್ರತಿ ಸಲ ಅದೇ:
ಬೆಕ್ಕು, ನೂರರವತ್ತು.

ನಮ್ಮನೆಯಲ್ಲಿ ಬೆಕ್ಕಿಲ್ಲ.
ಭಾನುವಾರದ ಸಂತೆ ಮುಗಿಸಿ
ಚೀಲ ಕಾಲಬುಡದಲ್ಲಿಟ್ಟು
ಕಾರವಾರ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ
ಒಬ್ಬಳೇ ತಿನ್ನುವ ಬನ್ಸು, ಒಂದು ಚಾ.
ಕೋಡಿಬಾಗದ ಬಸ್ಸು ಒಂದು ಹೋದರೆ ಹೋಗಲಿ.

ಎರಡು ವರ್ಷ ಇವರು ಲೆಕ್ಕ ಕೂಡಿಸಿದರು,
ಬೆಕ್ಕನ್ನೂ ಸೇರಿಸಿಯೇ.
ತುಟಿ ಬಿಚ್ಚಲಿಲ್ಲ.

ಇವತ್ತು ನೋಡಿದರೆ ನೂರರವತ್ತಕ್ಕೆ ಗೀಟು,
ಪಕ್ಕದಲ್ಲಿ ಇವರ ಸೊಟ್ಟ ಅಕ್ಷರ:
ಇನ್ನೂರು. ಬನ್ಸಿನ ರೇಟು ಏರಿದೆ.